ಪೆನ್ ಸಮಾಧಿಯಿಂದ ರನ್ನಿಮೀಡ್ ಬಯಲಿಗೆ: ಫಿಲಡೆಲ್ಫಿಯಾದ ಅಣ್ಣನ ಮನೆಯವರ ಜೊತೆ ಒಂದು ದಿನ

ಹೇಮಾವತಿ ತೀರ (ಸ್ಲೌ)

ಎಲ್ಲರಿಗೂ ನಮಸ್ಕಾರ. "ಅಮೆರಿಕದಿಂದ ಅಣ್ಣ ಬರ್ತಿದ್ದಾರೆ, ಲಂಡನ್ ಆಗಲೇ ಎರಡು ಸಲ ನೋಡಿದ್ದಾರೆ, ಬೇರೆ ಏನು ತೋರಿಸಲಿ" ಅಂತ ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ನೀವೆಲ್ಲ ಹೇಳಿದ್ದನ್ನು ಸೇರಿಸಿ ಒಂದು ದಿನದ ಸುತ್ತು ಹಾಕಿ ಬಂದೆವು. ಹೇಗಾಯಿತು ಅಂತ ಬರೆಯುತ್ತೇನೆ ಅಂದಿದ್ದೆ. ಸ್ವಲ್ಪ ಉದ್ದವಾಗಿದೆ, ನಿಧಾನವಾಗಿ ಓದಿ.

ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ, ನವೆಂಬರ್ ಕೊನೆಯ ಶನಿವಾರ. ಕಾರಿನಲ್ಲಿ ಐದು ಜನ: ಅಣ್ಣ, ಅತ್ತಿಗೆ, ಅವರ 13 ವರ್ಷದ ಮಗ, ನಾನು, ಮತ್ತೆ ಊರಿಂದ ಬಂದಿರುವ ನಮ್ಮ ಅಪ್ಪ. ಅಪ್ಪ ಹಾಸನದ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು. 35 ವರ್ಷ ಸಮಾಜ ಪಾಠ ಮಾಡಿದ್ದಾರೆ. ಹಾಟ್‌ಬಾಕ್ಸ್‌ನಲ್ಲಿ ಬಿಸಿಬೇಳೆ ಬಾತ್, ಫ್ಲಾಸ್ಕಿನಲ್ಲಿ ಕಾಫಿ. ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದಲ್ಲ, ಹಾಗಾಗಿ ಎಂಟಕ್ಕೇ ಹೊರಟೆವು.

ಮೊದಲು ಹೋಗಿದ್ದು ಜಾರ್ಡನ್ಸ್ ಅನ್ನೋ ಹಳ್ಳಿಗೆ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ, ಬೀಕನ್ಸ್‌ಫೀಲ್ಡ್ ಪಕ್ಕ. ಅಣ್ಣ ಇರುವ ಫಿಲಡೆಲ್ಫಿಯಾ ಊರನ್ನು ಕಟ್ಟಿದ ವಿಲಿಯಂ ಪೆನ್ ಸಮಾಧಿ ಇರುವುದು ಅಲ್ಲೇ. ಆ ಊರಿನ ಸಿಟಿ ಹಾಲ್ ಗೋಪುರದ ತುದಿಯಲ್ಲಿ ಪೆನ್‌ನ 37 ಅಡಿ ಎತ್ತರದ ಕಂಚಿನ ಪ್ರತಿಮೆ ಇದೆ. ನಮ್ಮ ಹುಡುಗನಿಗೆ ಚಿಕ್ಕಂದಿನಿಂದ ನೋಡಿ ಅಭ್ಯಾಸ. ಹಾಗಾಗಿ ಇಲ್ಲೂ ಏನೋ ದೊಡ್ಡದು ಇರುತ್ತದೆ ಅಂದುಕೊಂಡಿದ್ದ.

ಅಲ್ಲಿ ಇರುವುದು ಒಂದು ಇಟ್ಟಿಗೆ ಕಟ್ಟಡ, 1688ರದ್ದು. ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಸೇರಿ ಮೌನವಾಗಿ ಕೂರುವ ಜಾಗ. ಗೋಪುರ ಇಲ್ಲ, ಶಿಲುಬೆ ಇಲ್ಲ, ನೋಡಿದರೆ ಯಾರದೋ ಮನೆ ಅನ್ನಿಸುತ್ತದೆ. ಮುಂದೆ ಹುಲ್ಲಿನ ಇಳಿಜಾರು. ಅದರಲ್ಲಿ ಸಣ್ಣ ಸಣ್ಣ ಕಲ್ಲುಗಳು. ಮಂಡಿ ಎತ್ತರವೂ ಇಲ್ಲ. ಒಂದು ಕಲ್ಲಿನ ಮೇಲೆ ಪೆನ್ ಹೆಸರು, 1718 ಅಂತ ಇಸವಿ, ಅಷ್ಟೇ. ಸತ್ತ ಮೇಲೂ ಒಬ್ಬರು ಇನ್ನೊಬ್ಬರಿಗಿಂತ ದೊಡ್ಡವರಲ್ಲ ಅಂತ ಕ್ವೇಕರ್‌ಗಳು ಮೊದಲು ಸಮಾಧಿಗೆ ಕಲ್ಲೇ ಇಡುತ್ತಿರಲಿಲ್ಲ. ಈಗಿರುವ ಕಲ್ಲುಗಳು 19ನೇ ಶತಮಾನದಲ್ಲಿ ಇಟ್ಟವು. ಪೆನ್‌ನ ಇಬ್ಬರು ಹೆಂಡತಿಯರು, 16 ಮಕ್ಕಳಲ್ಲಿ 10 ಮಕ್ಕಳು ಅಲ್ಲೇ ಮಲಗಿದ್ದಾರೆ.

ಹುಡುಗ ಹುಲ್ಲಿನ ಮೇಲೆ ಕೂತೇ ಓದಿದ. "ಅತ್ತೆ, ಇಷ್ಟೇನಾ?" ಅಂದ. ಆಮೇಲೆ ತುಂಬಾ ಹೊತ್ತು ಅಲ್ಲಿಂದ ಎದ್ದೇಳಲಿಲ್ಲ.

ಅಪ್ಪ ಅವನಿಗೆ ಹೇಳಿದ ಕಥೆ ಇದು. ಪೆನ್‌ನ ಅಪ್ಪ ನೌಕಾಪಡೆಯ ಅಡ್ಮಿರಲ್. ಎರಡನೇ ಚಾರ್ಲ್ಸ್ ದೊರೆ ಅವರಿಗೆ 16,000 ಪೌಂಡ್ ಸಾಲ ತೀರಿಸಬೇಕಿತ್ತು. ದುಡ್ಡಿನ ಬದಲು 1681ರಲ್ಲಿ ಮಗನಿಗೆ ಅಮೆರಿಕದಲ್ಲಿ ಜಮೀನು ಬರೆದುಕೊಟ್ಟ. ಅದೇ ಪೆನ್ಸಿಲ್ವೇನಿಯಾ, ಅಂದರೆ ಪೆನ್‌ನ ಕಾಡು. ಆ ಹೆಸರು ಅಡ್ಮಿರಲ್ ನೆನಪಿಗೆ ದೊರೆ ಇಟ್ಟಿದ್ದು. 200 ವರ್ಷ ಆದಾಗ, 1881ರಲ್ಲಿ, ಪೆನ್ ಅಸ್ಥಿಯನ್ನು ಫಿಲಡೆಲ್ಫಿಯಾಕ್ಕೆ ಒಯ್ಯುತ್ತೇವೆ ಅಂತ ಅಲ್ಲಿಂದ ಕೇಳಿದರು. ಇಲ್ಲಿನ ಕ್ವೇಕರ್‌ಗಳು ಒಪ್ಪಲಿಲ್ಲ.

ಅಲ್ಲಿಂದ ಎಂ25 ಹೆದ್ದಾರಿ ಹಿಡಿದು ರನ್ನಿಮೀಡ್‌ಗೆ. 1215ರ ಜೂನ್ 15ರಂದು ಜಾನ್ ದೊರೆ ಮ್ಯಾಗ್ನಾ ಕಾರ್ಟಾಗೆ, ಅಂದರೆ ದೊರೆಯೂ ಕಾನೂನಿಗೆ ತಲೆಬಾಗಬೇಕು ಅನ್ನುವ ಒಪ್ಪಂದಕ್ಕೆ, ಮೊಹರು ಒತ್ತಿದ ಥೇಮ್ಸ್ ದಡದ ಬಯಲು. ಹೋದ ಕೂಡಲೇ ಗಮನಿಸಬೇಕಾದ್ದು: ಈ ಬಯಲು ಇವತ್ತು ನಮಗೆ ಉಳಿದಿರುವುದಕ್ಕೆ ಕಾರಣ ಒಬ್ಬ ಅಮೆರಿಕದ ಹೆಣ್ಣುಮಗಳು. ಮೊದಲ ಮಹಾಯುದ್ಧ ಮುಗಿದ ಮೇಲೆ ಸರ್ಕಾರ ಈ ಜಾಗವನ್ನು ಮಾರಲು ಹೊರಟಿತ್ತು. ಜನ ಗಲಾಟೆ ಮಾಡಿದರು. ಕೊನೆಗೆ ಅರ್ಬನ್ ಬ್ರೌಟನ್ ಅನ್ನುವವರು ಕೊಂಡುಕೊಂಡರು. ಅವರು ತೀರಿಕೊಂಡ ಮೇಲೆ ಹೆಂಡತಿ ಕಾರಾ ರಾಜರ್ಸ್ ಬ್ರೌಟನ್, ಅಂದರೆ ಲೇಡಿ ಫೇರ್‌ಹೇವನ್, ಗಂಡನ ನೆನಪಿಗೆ ಇದನ್ನು ಹಳೆಯ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟುಬಿಟ್ಟರು. ಕಾರಾ ಅವರ ತಂದೆ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ದೊಡ್ಡ ಧನಿಕರು. ದಾರಿಯ ಎರಡೂ ಬದಿ ಇರುವ ಚಂದದ ಕಟ್ಟಡಗಳನ್ನು ಕಟ್ಟಿಸಿದ್ದು ಎಡ್ವಿನ್ ಲುಟಿಯೆನ್ಸ್ ಕೈಲಿ, ನಮ್ಮ ಹೊಸದಿಲ್ಲಿ ಕಟ್ಟಿದ ಅದೇ ಲುಟಿಯೆನ್ಸ್. ಅದರಲ್ಲಿ ಒಂದರಲ್ಲಿ ಈಗ ಟೀ ಅಂಗಡಿ ಇದೆ.

ಅಲ್ಲೇ ಅಮೆರಿಕದ ಅಧ್ಯಕ್ಷ ಕೆನಡಿಯ ಸ್ಮಾರಕವೂ ಇದೆ. ಅದಕ್ಕೆ ಕಾಡಿನ ಒಳಗೆ ಮೆಟ್ಟಿಲು ಹತ್ತಿ ಹೋಗಬೇಕು. 50 ಮೆಟ್ಟಿಲು. ಕೈಯಲ್ಲಿ ಕಡಿದ ಸಣ್ಣ ಸಣ್ಣ ಗ್ರಾನೈಟ್ ಕಲ್ಲುಗಳನ್ನು ಜೋಡಿಸಿದ್ದಾರೆ. ಬೇಕೆಂದೇ ಏರುಪೇರು. ತೀರ್ಥಯಾತ್ರೆಗೆ ಹೊರಟವನು ಕಷ್ಟಪಟ್ಟು ಹತ್ತುವ ಹಾಗೆ ಜೆಫ್ರಿ ಜೆಲಿಕೊ ಅನ್ನುವ ವಿನ್ಯಾಸಕಾರರು ಮಾಡಿದ್ದು. ಅಪ್ಪ ಕೋಲು ಊರಿಕೊಂಡು, ಮೊಮ್ಮಗನ ಭುಜ ಹಿಡಿದು ಹತ್ತಿದರು. ನನಗೆ ನಮ್ಮ ಶ್ರವಣಬೆಳಗೊಳ ನೆನಪಾಯಿತು. ಮೇಲೆ ಏಳು ಟನ್ ತೂಕದ ಬಿಳಿ ಪೋರ್ಟ್‌ಲ್ಯಾಂಡ್ ಕಲ್ಲು. ಅದರ ಹಿಂದೆ ಅಮೆರಿಕದ ಓಕ್ ಮರ. ನವೆಂಬರ್‌ನಲ್ಲಿ, ಕೆನಡಿ ಸತ್ತ ತಿಂಗಳಲ್ಲಿ, ಅದರ ಎಲೆ ಕೆಂಪಾಗುತ್ತದೆ. ನಾವು ಹೋದಾಗ ಅರ್ಧ ಎಲೆ ಮರದಲ್ಲಿ, ಅರ್ಧ ನೆಲದಲ್ಲಿ.

ಅಲ್ಲಿನ ಒಂದು ಎಕರೆ ನೆಲವನ್ನು ಬ್ರಿಟನ್ ಜನ ಅಮೆರಿಕಕ್ಕೆ ಕೊಟ್ಟಿದ್ದಾರೆ. 1965ರ ಮೇ 14ರಂದು ರಾಣಿ ಎಲಿಜಬೆತ್ ಉದ್ಘಾಟನೆ ಮಾಡಿದಾಗ ಜಾಕಲೀನ್ ಕೆನಡಿ, ಮಕ್ಕಳು ಎಲ್ಲ ಬಂದಿದ್ದರು. ನಿಂತ ನೆಲ ಅಮೆರಿಕದ್ದು ಅಂತ ಗೊತ್ತಾದ ಮೇಲೆ ಅತ್ತಿಗೆ ಒಂದು ಕ್ಷಣ ಸುಮ್ಮನೆ ನಿಂತು "ಇವತ್ತು ಬೆಳಿಗ್ಗೆಯಿಂದ ಮೊದಲ ಸಲ ಮನೆಯಲ್ಲಿದ್ದೀನಿ ಅನ್ನಿಸ್ತು" ಅಂದರು.

ಇನ್ನೂ ಇದೆ. ಮಗಳು ಎದ್ದಳು, ಉಳಿದದ್ದು ರಾತ್ರಿ ಬರೆಯುತ್ತೇನೆ.

ಪುಟ್ಟಕ್ಕ (ರೆಡಿಂಗ್)

ತುಂಬಾ ಚೆನ್ನಾಗಿ ಬರೆದಿದ್ದೀರಿ ಅಕ್ಕ. ನನ್ನ ಹತ್ತಿರ ಕಾರು ಇಲ್ಲ. ಟ್ರೈನ್‌ನಲ್ಲಿ ಹೋಗೋಕೆ ಆಗುತ್ತಾ? ಅತ್ತೆಯವರಿಗೆ ಮಂಡಿ ನೋವು, ಮೆಟ್ಟಿಲು ಕಷ್ಟ. ಅವರಿಗೆ ಬಯಲಲ್ಲಿ ನೋಡೋಕೆ ಏನಿದೆ?

ಮಂಡ್ಯದವ (ಮೇಡನ್‌ಹೆಡ್)

ಪುಟ್ಟಕ್ಕ, ರನ್ನಿಮೀಡ್‌ಗೆ ಹತ್ತಿರದ ಸ್ಟೇಷನ್ ಎಗಮ್. ರೆಡಿಂಗ್‌ನಿಂದ ನೇರ ಟ್ರೈನ್ ಇದೆ. ಅಲ್ಲಿಂದ ನಡೆಯಬಹುದು, ವಯಸ್ಸಾದವರಿದ್ದರೆ ಟ್ಯಾಕ್ಸಿ ಮಾಡಿ. ಜಾರ್ಡನ್ಸ್‌ಗೆ ಸೀರ್ ಗ್ರೀನ್ ಅಂಡ್ ಜಾರ್ಡನ್ಸ್ ಅಂತಲೇ ಸ್ಟೇಷನ್ ಇದೆ, ಆದರೆ ಟ್ರೈನ್ ಲಂಡನ್ ಮೆರಿಲ್‌ಬೋನ್‌ನಿಂದ. ಕಾರಿಲ್ಲದೆ ಎರಡೂ ಒಂದೇ ದಿನ ಬೇಡ.

ಬಯಲು ಸಮತಟ್ಟಾಗಿದೆ, ಆದರೆ ಮಳೆಗಾಲ ಚಳಿಗಾಲದಲ್ಲಿ ಕೆಸರು ಜಾಸ್ತಿ. ನದಿ ಉಕ್ಕಿದರೆ ನೀರೂ ನಿಲ್ಲುತ್ತದೆ. ಬೂಟು ಬೇಕೇ ಬೇಕು.

ಹೇಮಾವತಿ ಅಕ್ಕ, ನಿಮ್ಮ ಹುಡುಗನಿಗೆ ಇದನ್ನು ಹೇಳಿ. 1782ರಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಇಳಿಸಿದ ಒಂದು ಯುದ್ಧದ ಹಡಗಿನ ಹೆಸರು "ಹೈದರ್ ಆಲಿ"! ನಮ್ಮ ಶ್ರೀರಂಗಪಟ್ಟಣದ ಹೈದರನೇ. ಬ್ರಿಟಿಷರನ್ನು ಎದುರಿಸಿದವನು ಅಂತ ಅಲ್ಲಿನವರಿಗೆ ಅಭಿಮಾನ. ಡೆಲವೇರ್ ಕೊಲ್ಲಿಯಲ್ಲಿ ಆ ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗು "ಜನರಲ್ ಮಂಕ್" ಅನ್ನು ಹಿಡಿದು ಹಾಕಿತು. ನಾನು ಶ್ರೀರಂಗಪಟ್ಟಣದ ಹತ್ತಿರದ ಹುಡುಗ, ಇದನ್ನು ಓದಿದ ದಿನ ನಿದ್ದೆ ಬಂದಿರಲಿಲ್ಲ. ಇನ್ನೊಂದು: 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್‌ಗೆ ಸೋತು ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್, 11 ವರ್ಷ ಆದಮೇಲೆ ನಮ್ಮ ಕೋಟೆ ಬಾಗಿಲಿಗೆ ಬಂದು ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ. ಲಂಡನ್ ಸೇಂಟ್ ಪಾಲ್ಸ್‌ನಲ್ಲಿ ಅವನ ಸ್ಮಾರಕ ಇದೆ.

ಕರಾವಳಿ ವಕೀಲ (ಹ್ಯಾರೋ)

ಜಾರ್ಡನ್ಸ್ ಮತ್ತು ರನ್ನಿಮೀಡ್ ಒಂದೇ ದಿನ ಇಟ್ಟುಕೊಂಡಿದ್ದು ಬಹಳ ಒಳ್ಳೆಯದಾಯಿತು. ಇವೆರಡಕ್ಕೂ ದೂರದ ಸಂಬಂಧ ಅಲ್ಲ, ರಕ್ತಸಂಬಂಧ ಇದೆ.

1670ರಲ್ಲಿ ಲಂಡನ್‌ನಲ್ಲಿ ಕ್ವೇಕರ್‌ಗಳ ಸಭಾಮಂದಿರಕ್ಕೆ ಸೈನಿಕರು ಬೀಗ ಹಾಕಿದರು. ಪೆನ್ ಬೀದಿಯಲ್ಲೇ ನಿಂತು ಉಪದೇಶ ಮಾಡಿದ. ಗಲಭೆ ಎಬ್ಬಿಸಿದ ಅಂತ ಅವನ ಮೇಲೆ, ವಿಲಿಯಂ ಮೀಡ್ ಮೇಲೆ ಕೇಸು. ಕೋರ್ಟಿನಲ್ಲಿ ಪೆನ್ ಮ್ಯಾಗ್ನಾ ಕಾರ್ಟಾ ಹೆಸರು ಎತ್ತಿಯೇ ವಾದ ಮಾಡಿದ. 12 ಜನರ ಜ್ಯೂರಿ, ಅಂದರೆ ಊರವರಿಂದಲೇ ಆರಿಸಿದ ತೀರ್ಪುಗಾರರು, "ತಪ್ಪಿತಸ್ಥ" ಅನ್ನಲು ಒಪ್ಪಲಿಲ್ಲ. ನ್ಯಾಯಾಧೀಶರು ಅವರನ್ನು ಅನ್ನ ನೀರು ಬೆಂಕಿ ಇಲ್ಲದೆ ಕೂಡಿ ಹಾಕಿದರು. ಆಗಲೂ ಬಗ್ಗಲಿಲ್ಲ. ದಂಡ ಹಾಕಿದರು. ಎಡ್ವರ್ಡ್ ಬುಶೆಲ್ ಅನ್ನುವ ಜ್ಯೂರಿ ದಂಡ ಕಟ್ಟದೆ ಜೈಲಿಗೆ ಹೋಗಿ, ಮೇಲಿನ ಕೋರ್ಟಿನಲ್ಲಿ ಗೆದ್ದ. ಕೊಟ್ಟ ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವ ಹಾಗಿಲ್ಲ ಅನ್ನುವ ನಿಯಮ ಬಂದಿದ್ದು ಆ ಕೇಸಿನಿಂದ. ಓಲ್ಡ್ ಬೈಲಿ ಕೋರ್ಟಿನ ಒಳಗೆ ಆ ಜ್ಯೂರಿಗಳ ನೆನಪಿಗೆ ಫಲಕ ಇದೆ.

ಅದೇ ಪೆನ್ 1687ರಲ್ಲಿ ಫಿಲಡೆಲ್ಫಿಯಾದಲ್ಲಿ ಮ್ಯಾಗ್ನಾ ಕಾರ್ಟಾವನ್ನು ಅಚ್ಚು ಹಾಕಿಸಿದ. ಅಮೆರಿಕದಲ್ಲಿ ಅದು ಮೊದಲ ಸಲ ಅಚ್ಚಾಗಿದ್ದು. ಅಲ್ಲಿಂದ ಮುಂದೆ ಅವರ ಸಂವಿಧಾನದ ಐದನೇ ತಿದ್ದುಪಡಿಯ "ಡ್ಯೂ ಪ್ರೊಸೆಸ್"ವರೆಗೆ, ಅಂದರೆ ಸರಿಯಾದ ಕಾನೂನು ಕ್ರಮ ಇಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯುವಂತಿಲ್ಲ ಅನ್ನುವ ಮಾತಿನವರೆಗೆ, ಎಳೆ ಹೋಗುತ್ತದೆ. 1957ರಲ್ಲಿ ಅಮೆರಿಕದ ವಕೀಲರ ಸಂಘ ರನ್ನಿಮೀಡ್‌ನಲ್ಲಿ ಎಂಟು ಕಂಬದ ಗುಮ್ಮಟ ಕಟ್ಟಿಸಿದ್ದು ಅದಕ್ಕೇ. ಮ್ಯಾಗ್ನಾ ಕಾರ್ಟಾಗೆ ಅಲ್ಲಿ ಮೊದಲು ಸ್ಮಾರಕವೇ ಇರಲಿಲ್ಲ. ಕಟ್ಟಿದವರು ಇಂಗ್ಲಿಷರಲ್ಲ, ಅಮೆರಿಕನ್ನರು.

ನಮ್ಮ ಕಡೆಯವರ ಪಾತ್ರವೂ ಇದೆ. ನಮ್ಮ ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾವ್ ಭಾರತದ ಸಂವಿಧಾನ ಸಭೆಯ ಸಲಹೆಗಾರರು. 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಡ್ಯೂ ಪ್ರೊಸೆಸ್ ಇಟ್ಟುಕೊಂಡರೆ ಜನ ಆರಿಸಿದ ಶಾಸನಸಭೆ ಮಾಡಿದ ಕಾನೂನನ್ನು ಕೆಲವೇ ಜಡ್ಜ್‌ಗಳು ತಡೆಯುವಂತಾಗುತ್ತದೆ ಅಂತ ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಜೀವ, ಸ್ವಾತಂತ್ರ್ಯ ಕಾಪಾಡುವ ನಮ್ಮ ಸಂವಿಧಾನದ 21ನೇ ವಿಧಿಯಲ್ಲಿ ಆ ಪದ ಇಲ್ಲದಿರುವುದರ ಹಿಂದೆ ಆ ಭೇಟಿ ಇದೆ. ಆಮೇಲೆ 1978ರ ಮೇನಕಾ ಗಾಂಧಿ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದರ ತಿರುಳನ್ನು ವಾಪಸ್ ತಂದಿತು. ನನ್ನ ಮನಸ್ಸಿಗೆ 1978ರ ತೀರ್ಪೇ ಸರಿ. ಆದರೆ ಕೆಲವರು ಒಪ್ಪುವುದಿಲ್ಲ.

ಹೇಮಾವತಿ ತೀರ (ಸ್ಲೌ)

ವಕೀಲ ಸರ್, ನಿಮ್ಮ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ಎರಡನೇ ಸಲ ಓದು ಅಂದರು. ಆ 12 ಜನರ ಕಥೆ ಮೊದಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು! ಯಾಕೆ ಅಂದರೆ ಬಯಲಿನ ಮಧ್ಯೆ 12 ಕಂಚಿನ ಕುರ್ಚಿಗಳಿವೆ. ಹ್ಯೂ ಲಾಕ್ ಅನ್ನುವ ಕಲಾವಿದರು ಮ್ಯಾಗ್ನಾ ಕಾರ್ಟಾಗೆ 800 ವರ್ಷ ಆದಾಗ, 2015ರಲ್ಲಿ ಮಾಡಿದ್ದು. ಹೆಸರೇ "ಜ್ಯೂರಿಗಳು". ಯಾರು ಬೇಕಾದರೂ ಕೂರಬಹುದು. ಒಂದೊಂದು ಕುರ್ಚಿಯ ಮೇಲೂ ನ್ಯಾಯಕ್ಕೆ ಹೋರಾಡಿದವರ ಚಿತ್ರ. ಪುಟ್ಟಕ್ಕ, ನಿಮ್ಮ ಅತ್ತೆಯವರಿಗೆ ಇದು ಮತ್ತು ಆ ಗುಮ್ಮಟ ಎರಡೂ ಆಗುತ್ತವೆ, ದೊಡ್ಡ ಏರು ಇಲ್ಲ. ಸ್ವಲ್ಪ ಮುಂದೆ ಒಂದು ದುಂಡಗಿನ ಕಲ್ಲಿನ ಕಟ್ಟಡ ಇದೆ. ಒಳಗೆ ಆಕಾಶಕ್ಕೆ ತೆರೆದ ಕೊಳ. ಕೊಳದ ಅಂಚಿನಲ್ಲಿ ಮ್ಯಾಗ್ನಾ ಕಾರ್ಟಾದ 39ನೇ ಕಲಮನ್ನು ತಿರುಗುಮುರುಗಾಗಿ ಕೆತ್ತಿದ್ದಾರೆ. ನೀರಿನಲ್ಲಿ ನೋಡಿದರೆ ಮಾತ್ರ ಓದಲು ಬರುತ್ತದೆ. ಕಾನೂನಿನ ಪ್ರಕಾರ ತೀರ್ಪಾಗದೆ ಯಾರನ್ನೂ ಸೆರೆಗೆ ಹಾಕುವಂತಿಲ್ಲ ಅನ್ನುವ ಮಾತು ಅದು. ಹುಡುಗ ನೀರು ಅಲುಗದ ಹಾಗೆ ಉಸಿರು ಬಿಗಿಹಿಡಿದು ಓದಿದ.

ಗುಮ್ಮಟದ ಹತ್ತಿರ ಅಪ್ಪ ನಮ್ಮನ್ನೆಲ್ಲ ಕೂಗಿ ಕರೆದರು. ಅಲ್ಲಿ ಒಂದು ಓಕ್ ಮರ. ನೆಟ್ಟವರು ನಮ್ಮ ಪ್ರಧಾನಿ ಪಿ. ವಿ. ನರಸಿಂಹ ರಾವ್, 1994ರಲ್ಲಿ. ಸ್ವಾತಂತ್ರ್ಯ, ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆಯನ್ನು ಭಾರತದ ಜನ ತಮ್ಮ ಸಂವಿಧಾನದಲ್ಲಿ ಇಟ್ಟುಕೊಂಡಿದ್ದಾರೆ ಅಂತ ಫಲಕದಲ್ಲಿ ಬರೆದಿದೆ. ಹತ್ತಿರದಲ್ಲೇ ಇನ್ನೊಂದು ಓಕ್. ಅಮೆರಿಕದ ಸಂವಿಧಾನಕ್ಕೆ 200 ವರ್ಷ ತುಂಬಿದಾಗ, 1987ರಲ್ಲಿ, ವರ್ಜೀನಿಯಾದ ಜೇಮ್ಸ್‌ಟೌನ್‌ನಿಂದ ಮಣ್ಣು ತಂದು ಹಾಕಿ ನೆಟ್ಟಿದ್ದು. ಒಂದು ಮರದ ಹತ್ತಿರ ಮಗ, ಮೊಮ್ಮಗ. ಇನ್ನೊಂದರ ಹತ್ತಿರ ಅಪ್ಪ. ಫೋಟೊ ತೆಗೆದಿದ್ದೇನೆ. ಮನೆಗೆ ಬಂದು ನೋಡಿದ ಮೇಲೆ ಹೊಳೆಯಿತು ಯಾರು ಯಾವ ಮರದ ಹತ್ತಿರ ನಿಂತಿದ್ದಾರೆ ಅಂತ.

ಮಿಡ್‌ಲ್ಯಾಂಡ್ಸ್ ಮೇಷ್ಟ್ರು

ಒಳ್ಳೆಯ ಚರ್ಚೆ. ಒಂದು ಮಾತು ಸೇರಿಸಲೇಬೇಕು. ಪೆನ್ ಮನೆಯಲ್ಲಿ ಗುಲಾಮರಿದ್ದರು. ಪೆನ್ಸಿಲ್ವೇನಿಯಾದ ಅವನ ಪೆನ್ಸ್‌ಬರಿ ತೋಟದಲ್ಲಿ ಕೆಲಸ ಮಾಡಿದವರಲ್ಲಿ ಅವರೂ ಇದ್ದರು. ಸ್ವಾತಂತ್ರ್ಯದ ಕಥೆ ಹೇಳುವಾಗ ಇದನ್ನು ಬಿಟ್ಟರೆ ಮಕ್ಕಳಿಗೆ ಅರ್ಧ ಪಾಠ ಮಾಡಿದ ಹಾಗೆ.

ಪುಟ್ಟಕ್ಕ (ರೆಡಿಂಗ್)

ಸರ್, ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರಲ್ವಾ? ಇವತ್ತಿನ ಕಣ್ಣಲ್ಲಿ ನೋಡಿದರೆ ಯಾರೂ ಉಳಿಯಲ್ಲ.

ಮಿಡ್‌ಲ್ಯಾಂಡ್ಸ್ ಮೇಷ್ಟ್ರು

ಎಲ್ಲರೂ ಅಲ್ಲಮ್ಮ. ಅದಕ್ಕೇ ಹೇಳುತ್ತಿರುವುದು. 1688ರಲ್ಲಿ, ಜಾರ್ಡನ್ಸ್ ಮಂದಿರ ಕಟ್ಟಿದ ಅದೇ ವರ್ಷ, ಪೆನ್‌ನದೇ ನಾಡಿನ ಜರ್ಮನ್‌ಟೌನ್‌ನಲ್ಲಿ ನಾಲ್ಕು ಜನ ಗುಲಾಮಗಿರಿ ತಪ್ಪು ಅಂತ ಬರೆದು ಸಹಿ ಹಾಕಿ ತಮ್ಮ ಕ್ವೇಕರ್ ಸಭೆಗೆ ಕೊಟ್ಟರು. ಪೆನ್ ಕಾಲದವರೇ, ಪೆನ್ ಪಂಥದವರೇ ಹೇಳಿದ್ದರು. ಆ ಸಭೆಯವರು ಆಗ ಕಿವಿಗೊಡಲಿಲ್ಲ. ಕ್ವೇಕರ್‌ಗಳು ಮುಂದೆ ಗುಲಾಮಗಿರಿ ವಿರುದ್ಧ ದೊಡ್ಡ ಹೋರಾಟ ಮಾಡಿದ್ದು ನಿಜ. ಪೆನ್‌ನನ್ನು ತಳ್ಳಿಹಾಕಿ ಅನ್ನುತ್ತಿಲ್ಲ. ಸಮಾಧಿ ಹತ್ತಿರ ನಿಂತಾಗ ಎರಡನ್ನೂ ಹೇಳಿ.

ಪುಟ್ಟಕ್ಕ (ರೆಡಿಂಗ್)

ಇದು ನನಗೆ ಗೊತ್ತಿರಲಿಲ್ಲ ಸರ್. ಒಪ್ಪಿದೆ.

ಹೇಮಾವತಿ ತೀರ (ಸ್ಲೌ)

ಮೇಷ್ಟ್ರೇ, ಹುಡುಗನಿಗೆ ನಿಮ್ಮ ಮಾತು ಹೇಳಿದೆ. ಅವನಿಗೆ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರಂತೆ. ನಾನು ಅಲ್ಲಿ ಹೇಳಲಿಲ್ಲ, ಹೇಳಬೇಕಿತ್ತು.

ಪೆನ್‌ನ ಎರಡನೇ ಹೆಂಡತಿ ಹ್ಯಾನಾ ಬಗ್ಗೆಯೂ ಹೇಳಬೇಕು. 1712ರಲ್ಲಿ ಪೆನ್‌ಗೆ ಪಾರ್ಶ್ವವಾಯು ಹೊಡೆದ ಮೇಲೆ, ತಾನು ಸಾಯುವ 1726ರ ತನಕ, ಸಮುದ್ರದ ಈಚೆಯಿಂದ ಪೆನ್ಸಿಲ್ವೇನಿಯಾ ಆಡಳಿತ ನೋಡಿಕೊಂಡಿದ್ದು ಆಕೆ. 14 ವರ್ಷ! 1984ರಲ್ಲಿ ಅಮೆರಿಕ ಗಂಡ ಹೆಂಡತಿ ಇಬ್ಬರಿಗೂ ಗೌರವ ಪೌರತ್ವ ಕೊಟ್ಟಿತು. ಅತ್ತಿಗೆಗೆ ಆ ದಿನ ತುಂಬಾ ಹಿಡಿಸಿದ್ದು ಹ್ಯಾನಾ ಕಥೆ.

ಮತ್ತೆ, ಜಾರ್ಡನ್ಸ್‌ನಲ್ಲಿ, 1620ರಲ್ಲಿ ಇಂಗ್ಲೆಂಡಿನಿಂದ ವಲಸಿಗರನ್ನು ಅಮೆರಿಕಕ್ಕೆ ಒಯ್ದ ಮೇಫ್ಲವರ್ ಹಡಗಿನ ಮರದಿಂದ ಕಟ್ಟಿದ ಕೊಟ್ಟಿಗೆ ಇದೆ ಅಂತಾರಲ್ಲ, ಅದು ನಿಜವಾ? ಹುಡುಗ ಕೇಳುತ್ತಿದ್ದಾನೆ.

ಮಿಡ್‌ಲ್ಯಾಂಡ್ಸ್ ಮೇಷ್ಟ್ರು

ಕೊಟ್ಟಿಗೆ ಇರುವುದು ನಿಜ, ಈಗ ಅದು ಖಾಸಗಿ ಜಾಗ. ಹಡಗಿನ ಮರ ಅನ್ನುವ ಮಾತು 1920ರ ಹೊತ್ತಿಗೆ ಒಬ್ಬ ವಿದ್ವಾಂಸರು ಹೇಳಿದ್ದು. ಇತಿಹಾಸಕಾರರು ಒಪ್ಪುವುದಿಲ್ಲ, ಸರಿಯಾದ ಸಾಕ್ಷಿ ಇಲ್ಲ. ಮೇಫ್ಲವರ್ ನೆನಪಿಗೆ ಹೋಗಬೇಕು ಅಂದರೆ ಲಂಡನ್‌ನ ರೋದರ್‌ಹೈದ್‌ಗೆ ಹೋಗಿ. ಆ ಹಡಗಿನ ನಾಯಕ ಕ್ರಿಸ್ಟೋಫರ್ ಜೋನ್ಸ್‌ನನ್ನು 1622ರಲ್ಲಿ ಅಲ್ಲಿನ ಸೇಂಟ್ ಮೇರಿ ಚರ್ಚಿನಲ್ಲಿ ಮಣ್ಣು ಮಾಡಿದ್ದು.

ಕೇಂಬ್ರಿಡ್ಜ್ ವಾಸಿ

ನಮ್ಮ ಕಡೆಗೂ ಬನ್ನಿ. ಮ್ಯಾಡಿಂಗ್ಲಿಯಲ್ಲಿ ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕರ ಸ್ಮಶಾನ ಇದೆ. 3,800ಕ್ಕೂ ಹೆಚ್ಚು ಬಿಳಿ ಕಲ್ಲು, ಕಮಾನಿನ ಹಾಗೆ ಬಾಗಿದ ಸಾಲುಗಳಲ್ಲಿ. ಒಂದು ಉದ್ದ ಗೋಡೆಯಲ್ಲಿ ದೇಹ ಸಿಗದ 5,000ಕ್ಕೂ ಹೆಚ್ಚು ಜನರ ಹೆಸರು. ಕೆನಡಿಯ ಅಣ್ಣ ಜೋಸೆಫ್ ಹೆಸರು ಅದರಲ್ಲಿದೆ. ರನ್ನಿಮೀಡ್‌ನಲ್ಲಿ ತಮ್ಮನ ಕಲ್ಲು, ಇಲ್ಲಿ ಅಣ್ಣನ ಹೆಸರು. ನಾನು ವರ್ಷಕ್ಕೊಮ್ಮೆ ಹೋಗಿ ಸುಮ್ನೆ ಒಂದು ಸಾಲು ಪೂರ್ತಿ ಓದಿ ಬರುತ್ತೇನೆ.

ಮಂಡ್ಯದವ (ಮೇಡನ್‌ಹೆಡ್)

ಅಕ್ಕ, ರನ್ನಿಮೀಡ್ ಗುಡ್ಡದ ಮೇಲಿನ ವಾಯುಪಡೆ ಸ್ಮಾರಕಕ್ಕೆ ಹೋದಿರಾ? ನೂರ್ ಹೆಸರು ನೋಡಿದಿರಾ?

ಹೇಮಾವತಿ ತೀರ (ಸ್ಲೌ)

ಹೋದೆವು ತಮ್ಮಾ. ಅದನ್ನೇ ಕೊನೆಗೆ ಇಟ್ಟುಕೊಂಡಿದ್ದೆ.

ಕೂಪರ್ಸ್ ಹಿಲ್ ಮೇಲೆ, ಕಾರಿನಲ್ಲೇ ಹೋಗಬಹುದು. ಎರಡನೇ ಮಹಾಯುದ್ಧದಲ್ಲಿ ಸತ್ತು, ಸಮಾಧಿಯೇ ಇಲ್ಲದ 20,000ಕ್ಕೂ ಹೆಚ್ಚು ಕಾಮನ್‌ವೆಲ್ತ್ ವಾಯುಪಡೆಯವರ ಹೆಸರು ಗೋಡೆಗಳ ಮೇಲಿವೆ. ಕೆಳಗೆ ಬಯಲಿನ ಆ ಗುಮ್ಮಟ ವಿನ್ಯಾಸ ಮಾಡಿದ ಎಡ್ವರ್ಡ್ ಮೌಫ್ ಅವರದೇ ವಿನ್ಯಾಸ ಇದೂ. 243ನೇ ಫಲಕದಲ್ಲಿ ನೂರ್ ಇನಾಯತ್ ಖಾನ್.

ಗೊತ್ತಿಲ್ಲದವರಿಗೆ: ನೂರ್ ಟಿಪ್ಪು ಸುಲ್ತಾನನ ವಂಶದ ಹುಡುಗಿ. ತಂದೆ ಇನಾಯತ್ ಖಾನ್, ಬರೋಡಾದ ಸಂಗೀತಗಾರ, ಸೂಫಿ ಗುರು. ತಾಯಿ ಓರಾ ರೇ ಬೇಕರ್, ಅಮೆರಿಕದ ನ್ಯೂ ಮೆಕ್ಸಿಕೊದವರು. ಅಂದರೆ ಆ ಒಂದು ಹೆಸರಿನಲ್ಲಿ ಶ್ರೀರಂಗಪಟ್ಟಣ, ಅಮೆರಿಕ, ಇಂಗ್ಲೆಂಡ್ ಮೂರೂ ಇವೆ. 1943ರ ಜೂನ್‌ನಲ್ಲಿ ಜರ್ಮನ್ನರ ಕೈಲಿದ್ದ ಫ್ರಾನ್ಸ್‌ಗೆ ಗುಟ್ಟಾಗಿ ಹೋಗಿ ವೈರ್‌ಲೆಸ್‌ನಲ್ಲಿ ಸಂದೇಶ ಕಳಿಸುವ ಕೆಲಸ ಮಾಡಿದಳು. ಇಂಗ್ಲೆಂಡಿನಿಂದ ಆ ಕೆಲಸಕ್ಕೆ ಅಲ್ಲಿಗೆ ಹೋದ ಮೊದಲ ಹೆಣ್ಣು. ಜೊತೆಯವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದಾಗಲೂ ವಾಪಸ್ ಬರಲಿಲ್ಲ. ಅಕ್ಟೋಬರ್‌ನಲ್ಲಿ ಹಿಡಿದರು. 1944ರ ಸೆಪ್ಟೆಂಬರ್ 13ರಂದು ಜರ್ಮನಿಯ ಡಕಾವ್ ಸೆರೆಶಿಬಿರದಲ್ಲಿ ಕೊಂದರು. ಆಗ ಅವಳಿಗೆ 30 ವರ್ಷ. 1949ರಲ್ಲಿ ಬ್ರಿಟನ್ ಅವಳ ಶೌರ್ಯಕ್ಕೆ ಜಾರ್ಜ್ ಕ್ರಾಸ್ ಪದಕ ಕೊಟ್ಟಿತು.

ನಾವು ಹೋದಾಗ ಮೂರೂವರೆ. ಬೆಳಕು ಹೋಗುತ್ತಿತ್ತು. ಹೀಥ್ರೂಗೆ ಇಳಿಯುವ ವಿಮಾನಗಳು ಎದುರಿಗೇ. ಅಪ್ಪನಿಗೆ ಕನ್ನಡಕ ಹಾಕಿಕೊಂಡರೂ ಅಕ್ಷರ ಕಾಣಲಿಲ್ಲ. ಮೊಮ್ಮಗ ಫೋನಿನ ಲೈಟ್ ಹಿಡಿದ. ಅಪ್ಪ ಆ ಹೆಸರಿನ ಮೇಲೆ ಬೆರಳಿಟ್ಟು, "35 ವರ್ಷ ಟಿಪ್ಪು ಪಾಠ ಮಾಡಿದೆ ಕಣಮ್ಮ, ಈ ಮಗುವಿನ ಬಗ್ಗೆ ಒಂದು ದಿನವೂ ಹೇಳಲಿಲ್ಲ" ಅಂದರು. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಮಂಡ್ಯದವ (ಮೇಡನ್‌ಹೆಡ್)

ಓದಿ ಕಣ್ಣು ತುಂಬಿ ಬಂತು. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಲಂಡನ್‌ನ ಗಾರ್ಡನ್ ಸ್ಕ್ವೇರ್ ಪಾರ್ಕಿನಲ್ಲಿ ನೂರ್ ಪ್ರತಿಮೆ ಇದೆ, 2012ರಲ್ಲಿ ಇಟ್ಟಿದ್ದು. ಅವರು ಊರಿಗೆ ಹೋಗುವ ಮುಂಚೆ ಒಂದು ದಿನ ಕರೆದುಕೊಂಡು ಹೋಗಿ. ನಾನೂ ಬರುತ್ತೇನೆ.

ಮಿಡ್‌ಲ್ಯಾಂಡ್ಸ್ ಮೇಷ್ಟ್ರು

ಮುಂದಿನ ಸುತ್ತು ನಮ್ಮ ಕಡೆ ಇಟ್ಟುಕೊಳ್ಳಿ. ನಾರ್ಥಾಂಪ್ಟನ್‌ಶೈರ್‌ನ ಸಲ್‌ಗ್ರೇವ್ ಮ್ಯಾನರ್, ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ನ ಪೂರ್ವಜರು 16ನೇ ಶತಮಾನದಲ್ಲಿ ಕಟ್ಟಿಸಿದ ಮನೆ. ಬಾಗಿಲ ಮೇಲೆ ಅವರ ಮನೆತನದ ಲಾಂಛನ ಇದೆ, ಮೂರು ನಕ್ಷತ್ರ, ಎರಡು ಪಟ್ಟಿ. ಬ್ರಿಟನ್, ಅಮೆರಿಕ ನಡುವೆ ನೂರು ವರ್ಷ ಶಾಂತಿ ಇದ್ದ ನೆನಪಿಗೆ 1914ರಲ್ಲಿ ಕೊಂಡು ಉಳಿಸಿದರು. ತೆರೆದಿರುವ ದಿನ ಕಮ್ಮಿ, ಮೊದಲೇ ವೆಬ್‌ಸೈಟ್ ನೋಡಿ. ಊಟ ನಮ್ಮ ಮನೆಯಲ್ಲಿ.

ಪುಟ್ಟಕ್ಕ (ರೆಡಿಂಗ್)

ನಾನು, ಅತ್ತೆ ಇಬ್ಬರೂ ಬರ್ತೀವಿ ಮೇಷ್ಟ್ರೇ. ಯಾರದಾದರೂ ಕಾರಿನಲ್ಲಿ ಎರಡು ಸೀಟು ಸಿಗುತ್ತಾ?

ಹೇಮಾವತಿ ತೀರ (ಸ್ಲೌ)

ನಮ್ಮ ಕಾರಿನಲ್ಲಿ ಜಾಗ ಇದೆ ಪುಟ್ಟಕ್ಕ. ಮುಂದಿನ ಸೀಟು ನಿಮ್ಮ ಅತ್ತೆಯವರಿಗೆ, ಮಂಡಿ ಚಾಚಿ ಕೂರಬಹುದು. ಅಪ್ಪ ಏಪ್ರಿಲ್ ಕೊನೆಯ ತನಕ ಇರುತ್ತಾರೆ, ಅಷ್ಟರೊಳಗೆ ಒಂದು ಶನಿವಾರ ಗೊತ್ತು ಮಾಡೋಣ. ಚಿತ್ರಾನ್ನ ನಾನು ತರುತ್ತೇನೆ, ಮೇಷ್ಟ್ರೇ, ಅಡುಗೆ ಜಾಸ್ತಿ ಮಾಡಿಸಬೇಡಿ.